ಕೋಡ್ ಬರೆಯುವ ಯಂತ್ರ ಬಂದ ಮೇಲೆ ಟೆಸ್ಟರ್ ಡೆವಲಪರ್ ಆಗಬೇಕೇ?

2024ರ ಅಕ್ಟೋಬರ್‌ನಲ್ಲಿ ಗೂಗಲ್‌ನ ಮುಖ್ಯಸ್ಥ ಸುಂದರ್ ಪಿಚೈ, ತಮ್ಮ ಸಂಸ್ಥೆಯ ಹೊಸ ಕೋಡ್‌ನಲ್ಲಿ ಕಾಲು ಭಾಗಕ್ಕೂ ಹೆಚ್ಚನ್ನು ಕೃತಕ ಬುದ್ಧಿಮತ್ತೆ ಬರೆಯುತ್ತಿದೆ, ಎಂಜಿನಿಯರುಗಳು ಅದನ್ನು ಪರಿಶೀಲಿಸಿ ಒಪ್ಪಿಕೊಳ್ಳುತ್ತಿದ್ದಾರೆ ಎಂದು ತಿಳಿಸಿದರು. 2025ರ ಏಪ್ರಿಲ್‌ನಲ್ಲಿ ಮೈಕ್ರೊಸಾಫ್ಟ್‌ನ ಮುಖ್ಯಸ್ಥ ಸತ್ಯ ನಾದೆಲ್ಲ, ತಮ್ಮಲ್ಲಿನ ಕೋಡ್‌ನ ಶೇ 20ರಿಂದ 30ರಷ್ಟನ್ನು ಯಂತ್ರವೇ ಬರೆದಿರಬಹುದು ಎಂದರು. ಈ ಎರಡೂ ಹೇಳಿಕೆಗಳಿಗೆ ಮುಂಚೆ, 2024ರ ಜುಲೈ 19ರಂದು, ಕ್ರೌಡ್‌ಸ್ಟ್ರೈಕ್ ಎಂಬ ಸಂಸ್ಥೆಯ ಭದ್ರತಾ ತಂತ್ರಾಂಶದ ಒಂದು ದೋಷಪೂರ್ಣ ಅಪ್‌ಡೇಟ್‌ನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರುಗಳು ಕೆಲಸ ನಿಲ್ಲಿಸಿದ್ದವು. ವಿಮಾನಗಳ ಹಾರಾಟ ರದ್ದಾಯಿತು, ಆಸ್ಪತ್ರೆ ಮತ್ತು ಬ್ಯಾಂಕುಗಳ ಕೆಲಸ ಅಸ್ತವ್ಯಸ್ತಗೊಂಡಿತು.

ಈ ಮೂರು ಸುದ್ದಿಗಳನ್ನು ಒಟ್ಟಿಗೆ ಓದುವ ಟೆಸ್ಟರ್‌ಗೆ, ಅಂದರೆ ತಂತ್ರಾಂಶವನ್ನು ಪರೀಕ್ಷಿಸಿ ದೋಷ ಹುಡುಕುವವರಿಗೆ, ದಿಕ್ಕು ತೋಚದಿರುವುದು ಸಹಜ. ಹತ್ತು ಹನ್ನೆರಡು ವರ್ಷಗಳಿಂದ ಟೆಸ್ಟಿಂಗ್‌ನಲ್ಲಿರುವವರಿಗೆ ಸಿಗುತ್ತಿದ್ದುದು ಒಂದೇ ಸಲಹೆ: ಕೋಡಿಂಗ್ ಕಲಿತು ಡೆವಲಪ್‌ಮೆಂಟ್‌ಗೆ (ತಂತ್ರಾಂಶ ಕಟ್ಟುವ ಕೆಲಸಕ್ಕೆ) ಹೋಗಿ. ಆ ಮಾತು ನಂಬಿ ಹೊರಟವರು ಇನ್ನೂ ಅರ್ಧ ದಾರಿಯಲ್ಲಿರುವಾಗ ಕೋಡನ್ನು ಯಂತ್ರವೇ ಬರೆಯುತ್ತದೆ ಎಂಬ ಸುದ್ದಿ ಬಂದಿದೆ. ಇನ್ನೊಂದು ಕಡೆ, ಪ್ರತ್ಯೇಕ ಟೆಸ್ಟರುಗಳು ಬೇಡವೆನ್ನುವ ಉದ್ಯಮವೇ ಸಾಕಷ್ಟು ಪರೀಕ್ಷಿಸದಿದ್ದುದಕ್ಕೆ ಭಾರಿ ಬೆಲೆ ತೆತ್ತಿದೆ. ಹಾಗಾದರೆ ದಾಟಬೇಕೋ, ಇದ್ದಲ್ಲೇ ಉಳಿಯಬೇಕೋ? ಕೋಡ್ ಬರೆಯುವುದನ್ನೂ ತಂತ್ರಾಂಶ ಅಭಿವೃದ್ಧಿಯನ್ನೂ ಒಂದೇ ಎಂದು ಎಣಿಸುವವರೆಗೆ ಈ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಅವೆರಡನ್ನೂ ಬಿಡಿಸಿ ನೋಡಿದರೆ, ಟೆಸ್ಟಿಂಗ್‌ನಲ್ಲಿ ಗಳಿಸಿದ ಬುದ್ಧಿಯನ್ನು ಜೊತೆಗೆ ಒಯ್ಯುವವರಿಗೆ ದಾರಿ ಇನ್ನೂ ತೆರೆದೇ ಇದೆ ಎಂಬುದೂ, ಅದನ್ನು ಹಿಂದೆ ಬಿಟ್ಟು ಹೋಗಬಯಸುವವರಿಗೆ ಅದು ಕಿರಿದಾಗುತ್ತಿದೆ ಎಂಬುದೂ ಕಾಣುತ್ತದೆ.

ಬೇರೆ ತಂಡ ಏಕೆ ಇತ್ತು

ತಂತ್ರಾಂಶವು ಸಿ.ಡಿ.ಯಲ್ಲಿ ತುಂಬಿ ಮಾರಾಟವಾಗುತ್ತಿದ್ದ ಕಾಲದಲ್ಲಿ ಒಂದು ಆವೃತ್ತಿಗೂ ಇನ್ನೊಂದಕ್ಕೂ ವರ್ಷಗಳ ಅಂತರವಿರುತ್ತಿತ್ತು. ಒಮ್ಮೆ ಗ್ರಾಹಕರ ಕೈ ಸೇರಿದ ದೋಷವನ್ನು ಹಿಂದಕ್ಕೆ ಪಡೆಯುವುದು ಬಹು ದುಬಾರಿಯಾಗಿತ್ತು. ಆದ್ದರಿಂದ ಡೆವಲಪರುಗಳು ಬರೆದು ಮುಗಿಸಿದ ಮೇಲೆ, ಅದನ್ನು ಬರೆಯದ ಇನ್ನೊಂದು ತಂಡ ತಿಂಗಳುಗಟ್ಟಲೆ ಪರೀಕ್ಷಿಸುವುದು ಲೆಕ್ಕಕ್ಕೆ ಸರಿಹೊಂದುತ್ತಿತ್ತು. ಬರೆದವರ ಕಣ್ಣಿಗೆ ತಮ್ಮ ತಪ್ಪು ಬೀಳುವುದು ಕಷ್ಟ ಎಂಬ ಅನುಭವವೂ ಈ ವಿಂಗಡಣೆಯ ಬೆನ್ನಿಗಿತ್ತು.

ಅಂತರ್ಜಾಲ ಈ ಲೆಕ್ಕವನ್ನು ಬದಲಿಸಿತು. 2001ರಲ್ಲಿ, ತಂತ್ರಾಂಶವನ್ನು ಸಣ್ಣ ಸಣ್ಣ ಹಂತಗಳಲ್ಲಿ ಕಟ್ಟಿ ಕೊಡಬೇಕೆನ್ನುವ ಅಜೈಲ್ ಪ್ರಣಾಳಿಕೆ ಪ್ರಕಟವಾದ ನಂತರದ ವರ್ಷಗಳಲ್ಲಿ ಎರಡು ವಾರಕ್ಕೊಂದು ರಿಲೀಸ್ (ಹೊಸ ಆವೃತ್ತಿಯ ಬಿಡುಗಡೆ) ಎಂಬುದು ಅನೇಕ ತಂಡಗಳ ವಾಡಿಕೆಯಾಯಿತು. ಎರಡು ವಾರವೆಂದರೆ ಹತ್ತು ಕೆಲಸದ ದಿನಗಳು. ಹಳೆಯ ಸೌಲಭ್ಯಗಳೆಲ್ಲ ಕೆಟ್ಟಿಲ್ಲವೆಂದು ಕೈಯಿಂದ ಪರೀಕ್ಷಿಸಲು ಐದು ದಿನ ಬೇಕಾದರೆ ಅರ್ಧ ಅವಧಿ ಅದಕ್ಕೇ ಮುಗಿಯಿತು. ಉತ್ಪನ್ನ ಬೆಳೆದಂತೆ ಆ ಐದು ದಿನ ಏಳಾಗುತ್ತದೆ, ಎಂಟಾಗುತ್ತದೆ. ಹೀಗೆ ಆಟೊಮೇಷನ್, ಅಂದರೆ ಪರೀಕ್ಷೆಯನ್ನು ಪ್ರೋಗ್ರಾಂನಿಂದಲೇ ಮಾಡಿಸುವುದು, ಅನಿವಾರ್ಯವಾಯಿತು. ಕೆಂಟ್ ಬೆಕ್ ಮತ್ತು ಎರಿಕ್ ಗಾಮಾ 1997ರಲ್ಲಿ ಆರಂಭಿಸಿದ ಜೆಯೂನಿಟ್ ಡೆವಲಪರುಗಳ ಕೈಗೇ ಟೆಸ್ಟಿಂಗ್‌ನ ಉಪಕರಣವನ್ನು ಕೊಟ್ಟಿತ್ತು. 2004ರಲ್ಲಿ ಹುಟ್ಟಿದ ಸೆಲೆನಿಯಂ ಬ್ರೌಸರನ್ನು ಪ್ರೋಗ್ರಾಂ ಮೂಲಕ ನಡೆಸುವ ದಾರಿಯನ್ನು ಟೆಸ್ಟರುಗಳಿಗೆ ತೆರೆಯಿತು. ಅದರ ವೆಬ್‌ಡ್ರೈವರ್ ಪದ್ಧತಿ 2018ರಲ್ಲಿ ವೆಬ್‌ನ ಅಧಿಕೃತ ಮಾನದಂಡಗಳಲ್ಲಿ ಒಂದಾಯಿತು.

ಟೆಸ್ಟರ್ ಕೋಡ್ ಬರೆಯತೊಡಗಿ, ಡೆವಲಪರ್ ಟೆಸ್ಟ್ ಬರೆಯತೊಡಗಿದ ಮೇಲೆ ಎರಡು ಹುದ್ದೆಗಳೇಕೆ ಎಂಬ ಪ್ರಶ್ನೆ ಏಳಲೇಬೇಕಿತ್ತು. ಮೈಕ್ರೊಸಾಫ್ಟ್‌ನಲ್ಲಿ ಟೆಸ್ಟಿಂಗ್‌ಗಾಗಿಯೇ ಕೋಡ್ ಬರೆಯುವ ಎಂಜಿನಿಯರುಗಳ ದೊಡ್ಡ ವರ್ಗವೇ ಇತ್ತು. 2014ರಲ್ಲಿ ಆ ಸಂಸ್ಥೆ 18,000ದವರೆಗೆ ಹುದ್ದೆಗಳ ಕಡಿತವನ್ನು ಘೋಷಿಸಿದಾಗ ಅವುಗಳಲ್ಲಿ ಹೆಚ್ಚಿನವು ನೋಕಿಯಾದಿಂದ ಬಂದ ಫೋನ್ ವಿಭಾಗಕ್ಕೆ ಸೇರಿದವಾಗಿದ್ದವು, ನಿಜ. ಆದರೆ ಅದೇ ಹೊತ್ತಿನಲ್ಲಿ ನಾದೆಲ್ಲ ಅವರು, ಪ್ರತ್ಯೇಕ ತಂಡಕ್ಕಿಂತ ಡೆವಲಪರುಗಳೇ ಪರೀಕ್ಷಿಸಿ ಬಗ್ (ಕೋಡಿನ ದೋಷ) ಸರಿಪಡಿಸುವುದು ಹಲವು ಕಡೆ ಸೂಕ್ತ ಎಂಬ ನಿಲುವನ್ನು ವ್ಯಕ್ತಪಡಿಸಿದ್ದರು. ಆ ಬಳಿಕ ಎರಡು ಹುದ್ದೆಗಳು ಅಲ್ಲಿ ಒಂದಾದವು. ಅಂಥ ಬದಲಾವಣೆಯಲ್ಲಿ ಉತ್ಪನ್ನದ ಕೋಡ್ ಬರೆಯಬಲ್ಲವರು ಡೆವಲಪರುಗಳಾಗುತ್ತಾರೆ, ಉಳಿದವರು ಬೇರೆ ದಾರಿ ಹುಡುಕಬೇಕಾಗುತ್ತದೆ. ಡೆವಲಪ್‌ಮೆಂಟ್‌ಗೆ ದಾಟುವ ಮಾತಿಗೆ ತುರ್ತು ಬಂದದ್ದು ಇಲ್ಲಿಂದ.

ಇಪ್ಪತ್ತೊಂದನೆಯ ಮೌಲ್ಯ

ಹುದ್ದೆಗಳನ್ನು ಒಂದು ಮಾಡಬೇಕೆನ್ನುವವರ ಮುಖ್ಯ ವಾದ ಜವಾಬ್ದಾರಿಯದು. ತನ್ನ ತಪ್ಪನ್ನು ಹಿಡಿಯಲು ಇನ್ನೊಬ್ಬರಿದ್ದಾರೆ ಎಂದು ಗೊತ್ತಿದ್ದರೆ ಬರೆಯುವವರ ಎಚ್ಚರ ಸಡಿಲವಾಗುತ್ತದೆ, ದೋಷ ಪತ್ತೆಯಾಗುವ ಹೊತ್ತಿಗೆ ಬರೆದವರು ಅದನ್ನು ಮರೆತು ಮುಂದೆ ಹೋಗಿರುತ್ತಾರೆ ಎನ್ನುತ್ತಾರೆ ಅವರು. ಪ್ರತ್ಯೇಕ ಕಣ್ಣು ಬೇಕೆನ್ನುವವರು ಮನುಷ್ಯ ಸ್ವಭಾವವನ್ನೇ ಮುಂದಿಡುತ್ತಾರೆ: ಕೋಡ್ ಬರೆಯುವಾಗ ಯಾವ ಸನ್ನಿವೇಶ ಹೊಳೆಯಲಿಲ್ಲವೋ ಅದು ಟೆಸ್ಟ್ ಬರೆಯುವಾಗಲೂ ಹೊಳೆಯುವುದಿಲ್ಲ. ಈ ಎರಡನೆಯ ವಾದವನ್ನು ಕೆಲವು ಕ್ಷೇತ್ರಗಳು ನಿಯಮವಾಗಿಯೇ ಇಟ್ಟುಕೊಂಡಿವೆ. ವಿಮಾನಗಳೊಳಗಿನ ತಂತ್ರಾಂಶಕ್ಕೆ ಅನ್ವಯಿಸುವ ಡಿಒ-178ಸಿ ಮಾನದಂಡದಂತೆ, ವಿಫಲವಾದರೆ ದುರಂತವೇ ಆಗಬಹುದಾದ ಭಾಗಗಳ ಹಲವು ಪರಿಶೀಲನೆಗಳನ್ನು ಅವುಗಳನ್ನು ರೂಪಿಸಿದವರೇ ಮಾಡುವಂತಿಲ್ಲ.

2024ರ ಜುಲೈ ಘಟನೆಯನ್ನು ಎರಡೂ ಪಕ್ಷಗಳು ತಮ್ಮ ವಾದಕ್ಕೆ ಬಳಸಿಕೊಳ್ಳುತ್ತವೆ. ಆದರೆ ಕ್ರೌಡ್‌ಸ್ಟ್ರೈಕ್ ತಾನೇ ಪ್ರಕಟಿಸಿದ ಕಾರಣಗಳ ವರದಿಯನ್ನು ನೋಡಿದರೆ ಪಾಠ ಇನ್ನೂ ಸೂಕ್ಷ್ಮವಾದದ್ದು. ಒಂದು ಬಗೆಯ ದಾಳಿಯನ್ನು ಗುರುತಿಸುವ ನಮೂನೆಯಲ್ಲಿ 21 ಮೌಲ್ಯಗಳಿಗೆ ಜಾಗವಿತ್ತು. ಅದಕ್ಕೆ ಮೌಲ್ಯಗಳನ್ನು ಒದಗಿಸುವ ಕೋಡ್ ಕೊಡುತ್ತಿದ್ದುದು 20 ಮಾತ್ರ. ಪರೀಕ್ಷೆಗಳು ನಡೆದಿದ್ದವು. ಆದರೆ ಆ ಪರೀಕ್ಷೆಗಳಲ್ಲೂ, ಮೊದಲ ಕೆಲವು ಅಪ್‌ಡೇಟುಗಳಲ್ಲೂ ಇಪ್ಪತ್ತೊಂದನೆಯ ಜಾಗಕ್ಕೆ ‘ಏನಿದ್ದರೂ ಸರಿ’ ಎಂಬ ಷರತ್ತನ್ನು ಹಾಕಲಾಗಿತ್ತು. ಏನಿದ್ದರೂ ಸರಿ ಎಂದಾಗ ಅಲ್ಲಿ ಏನಿದೆ ಎಂದು ಯಂತ್ರ ನೋಡುವುದೇ ಇಲ್ಲ. ಏನೂ ಇಲ್ಲ ಎಂಬುದು ಬಯಲಾಗುವುದೂ ಇಲ್ಲ. ಜುಲೈ 19ರ ಅಪ್‌ಡೇಟ್ ಮೊದಲ ಬಾರಿಗೆ ಆ ಜಾಗದಲ್ಲಿ ನಿರ್ದಿಷ್ಟ ಮೌಲ್ಯವನ್ನು ಹುಡುಕಿತು. ಇಲ್ಲದ ಮೌಲ್ಯವನ್ನು ಓದಲು ಹೋದ ಪ್ರೋಗ್ರಾಂ ತನ್ನದಲ್ಲದ ಮೆಮೊರಿಗೆ ಕೈ ಹಾಕಿತು. ಅದು ಆಪರೇಟಿಂಗ್ ಸಿಸ್ಟಂನ ಒಡಲಲ್ಲೇ ನಡೆಯುವ ಪ್ರೋಗ್ರಾಂ ಆಗಿದ್ದರಿಂದ ಇಡೀ ಕಂಪ್ಯೂಟರೇ ಕುಸಿಯಿತು. ಇಂಥ ಅಪ್‌ಡೇಟುಗಳನ್ನು ಹಂತಹಂತವಾಗಿ ಬಿಡುವ ಪದ್ಧತಿ ಇರಲಿಲ್ಲವಾದ್ದರಿಂದ ಹಾನಿ ಒಂದೇ ಹೊತ್ತಿಗೆ ಎಲ್ಲೆಡೆ ಹರಡಿತು.

ಹೊರಗಿನಿಂದ ಮಾತ್ರ ನೋಡುವ ಟೆಸ್ಟರ್‌ಗೆ ಈ ದೋಷ ಕಾಣುವಂತಿರಲಿಲ್ಲ, ಏಕೆಂದರೆ ನಡೆಸಿದ ಪರೀಕ್ಷೆಗಳು ಪಾಸಾಗುತ್ತಿದ್ದವು. ಕೋಡಿನೊಳಗೆ ಕಣ್ಣಾಡಿಸಿ, ಈ ಟೆಸ್ಟ್ ನಿಜವಾಗಿ ಏನನ್ನು ಪರೀಕ್ಷಿಸುತ್ತಿದೆ ಎಂದು ಕೇಳಬಲ್ಲವರಿಗೆ ಕಾಣಬಹುದಿತ್ತು. ಅಂದರೆ ಅಲ್ಲಿ ಬೇಕಿದ್ದುದು ಡೆವಲಪರ್‌ನ ಓದು ಮತ್ತು ಟೆಸ್ಟರ್‌ನ ಸಂಶಯ, ಎರಡೂ ಒಬ್ಬರಲ್ಲೇ.

ಅಂತರ ಇರುವುದು ಎಲ್ಲಿ

ದಾಟಬಯಸುವವರು ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆ, ಯಾವ ಭಾಷೆ ಕಲಿಯಬೇಕು ಎಂಬುದು. ಅಂತರ ಇರುವುದು ಅಲ್ಲಲ್ಲ. ಒಂದು ಉದಾಹರಣೆಯಿಂದ ಇದನ್ನು ನೋಡಬಹುದು.

ಟೆಸ್ಟರ್ ಒಬ್ಬರು ಒಂದು ಪ್ರೋಗ್ರಾಂಗೆ 2038ರ ಜನವರಿ 20 ಎಂಬ ದಿನಾಂಕ ಕೊಟ್ಟು ನೋಡುತ್ತಾರೆ ಎಂದುಕೊಳ್ಳೋಣ. ಪರದೆಯ ಮೇಲೆ 1901ರ ದಿನಾಂಕ ಬರುತ್ತದೆ. ಒಳ್ಳೆಯ ಟೆಸ್ಟರ್ ಅಷ್ಟಕ್ಕೇ ನಿಲ್ಲದೆ ಹಿಂದೆ ಮುಂದೆ ಸರಿದು, ಜನವರಿ 19ರ ಬೆಳಗಿನ 3 ಗಂಟೆ 14 ನಿಮಿಷ 7 ಸೆಕೆಂಡಿನವರೆಗೆ ಎಲ್ಲವೂ ಸರಿಯಿದ್ದು ಮರು ಸೆಕೆಂಡಿಗೇ ಕೆಡುತ್ತದೆ ಎಂದು ಗುರುತಿಸುತ್ತಾರೆ. ಈ ವೇಳೆ ಜಾಗತಿಕ ಪ್ರಮಾಣಿತ ಸಮಯದ್ದು. ಗಡಿಯನ್ನು ಹುಡುಕಿ ತೋರಿಸುವ ಈ ಕೆಲಸ ಸಣ್ಣದಲ್ಲ. ಡೆವಲಪರ್‌ನ ಕೆಲಸ ಇಲ್ಲಿಂದ ಮುಂದೆ ಆರಂಭವಾಗುತ್ತದೆ. ಸಮಯವನ್ನು 1970ರ ಜನವರಿ 1ರಿಂದ ಕಳೆದ ಸೆಕೆಂಡುಗಳಾಗಿ 32 ಬಿಟ್‌ಗಳಲ್ಲಿ (0 ಅಥವಾ 1 ಹಿಡಿಸುವ 32 ಮನೆಗಳಲ್ಲಿ) ಇಡಲಾಗಿದೆ. ಋಣ ಸಂಖ್ಯೆಗೂ ಎಡೆಯಿರುವ ಆ ಜಾಗದಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ 2147483647. ಅದನ್ನು ದಾಟಿದೊಡನೆ ಎಣಿಕೆ ಋಣಕ್ಕೆ ಹೊರಳಿ 1901ಕ್ಕೆ ಹೋಗುತ್ತದೆ. ಕಾರಣ ತಿಳಿಯಿತು. 64 ಬಿಟ್‌ಗೆ ಬದಲಿಸಿದರೆ ಪರಿಹಾರವಾಗುತ್ತದೆ ಎಂಬುದೂ ತಿಳಿಯಿತು. ಆದರೆ ಡೇಟಾಬೇಸ್‌ನಲ್ಲಿ ಈಗಾಗಲೇ ಇರುವ ದಾಖಲೆಗಳ ಗತಿಯೇನು? ಅದೇ ಕಡತವನ್ನು ಓದುವ ಬೇರೆ ಪ್ರೋಗ್ರಾಂಗಳು 32 ಬಿಟ್ ಎಂದೇ ನಂಬಿ ಓದಿದರೆ ಏನಾಗುತ್ತದೆ? ಹೊಸ ಆವೃತ್ತಿಯೂ ಹಳೆಯ ಆವೃತ್ತಿಯೂ ಕೆಲವು ಕಾಲ ಜೊತೆಯಲ್ಲೇ ಓಡಬೇಕಾದರೆ ಯಾವುದನ್ನು ಮೊದಲು ಬದಲಿಸಬೇಕು? ಈ ಪ್ರಶ್ನೆಗಳಿಗೆ ಒಂದೇ ಸರಿ ಉತ್ತರವಿಲ್ಲ. ಯಾವುದೋ ಒಂದನ್ನು ಆರಿಸಿ, ಅದರ ಫಲವನ್ನು ವರ್ಷಗಳ ಕಾಲ ಹೊರಬೇಕು.

ಪ್ರೋಗ್ರಾಮಿಂಗ್ ಭಾಷೆಯ ಪದಗಳನ್ನು ಕೆಲವು ತಿಂಗಳಲ್ಲಿ ಕಲಿಯಬಹುದು. ಹೀಗೆ ನಿರ್ಧರಿಸುವ ಮತ್ತು ನಿರ್ಧಾರದ ಭಾರ ಹೊರುವ ಅಭ್ಯಾಸ ಬರುವುದಕ್ಕೆ ಹೆಚ್ಚು ಕಾಲ ಬೇಕು.

ಸ್ಕ್ರಿಪ್ಟ್ ಬರೆದ ಅನುಭವ ಸಾಕೇ

ಆಟೊಮೇಷನ್ ಸ್ಕ್ರಿಪ್ಟುಗಳನ್ನು (ಪರೀಕ್ಷೆ ನಡೆಸುವ ಚಿಕ್ಕ ಪ್ರೋಗ್ರಾಂಗಳನ್ನು) ಬರೆದವರಲ್ಲಿ ಹಲವರು ತಾವು ಆಗಲೇ ಅರ್ಧ ಡೆವಲಪರುಗಳು ಎಂದುಕೊಳ್ಳುತ್ತಾರೆ. ಅದರಲ್ಲಿ ಸತ್ಯವಿದೆ, ಆದರೆ ಉಳಿದರ್ಧ ಏನೆಂದು ತಿಳಿದಿರಬೇಕು. ಸ್ಕ್ರಿಪ್ಟ್ ಬಹುಮಟ್ಟಿಗೆ ಮೇಲಿನಿಂದ ಕೆಳಕ್ಕೆ ಹರಿಯುತ್ತದೆ: ಲಾಗಿನ್ ಆಗು, ಗುಂಡಿ ಒತ್ತು, ಫಲಿತಾಂಶ ಹೋಲಿಸು. ಕೆಲವೇ ನಿಮಿಷ ಓಡಿ ಮುಗಿಯುತ್ತದೆ. ಅದು ಕೆಟ್ಟರೆ ತಂಡಕ್ಕೆ ಕಿರಿಕಿರಿ, ಬಳಕೆದಾರರಿಗೆ ಏನೂ ಇಲ್ಲ. ಉತ್ಪನ್ನದ ಕೋಡ್ ಹಾಗಲ್ಲ. ಒಂದೇ ಹೊತ್ತಿಗೆ ಸಾವಿರಾರು ಮಂದಿ ಅದನ್ನು ಬಳಸುತ್ತಾರೆ, ನಡುವೆ ನೆಟ್‌ವರ್ಕ್ ಕೈಕೊಡುತ್ತದೆ, ಮುಂದಿನ ವರ್ಷ ಬೇರೊಬ್ಬರು ಬಂದು ಅದನ್ನು ಓದಿ ತಿದ್ದಬೇಕಾಗುತ್ತದೆ.

ಉಳಿದಿರುವ ಒಂದೇ ಆಸನವನ್ನು ಇಬ್ಬರು ಒಂದೇ ಕ್ಷಣದಲ್ಲಿ ಕಾಯ್ದಿರಿಸಲು ಯತ್ನಿಸಿದಾಗ ಇಬ್ಬರಿಗೂ ಸಿಕ್ಕಿತೆಂಬ ಸಂದೇಶ ಬಂದರೆ, ಟೆಸ್ಟರ್ ಅದನ್ನು ಬಗ್ ಎಂದು ದಾಖಲಿಸುತ್ತಾರೆ. ಡೆವಲಪರ್ ಪರಿಹಾರವನ್ನು ಆರಿಸಬೇಕು. ಡೇಟಾಬೇಸ್‌ನ ಆ ಸಾಲಿಗೆ ಬೀಗ ಹಾಕಿದರೆ ಉಳಿದವರು ಕಾಯಬೇಕು. ಪ್ರತಿ ದಾಖಲೆಗೂ ಆವೃತ್ತಿ ಸಂಖ್ಯೆ ಕೊಟ್ಟು ಬರೆಯುವ ಮುನ್ನ ಹೋಲಿಸಿದರೆ ಕಾಯುವುದು ತಪ್ಪುತ್ತದೆ, ಆದರೆ ಸೋತವರು ಮತ್ತೆ ಯತ್ನಿಸಬೇಕು. ಎಲ್ಲರನ್ನೂ ಸಾಲಿನಲ್ಲಿ ನಿಲ್ಲಿಸಿದರೆ ಉತ್ತರ ತಡವಾಗುತ್ತದೆ. ಡೇಟಾಬೇಸ್ ವ್ಯವಹಾರಗಳು, ಏಕಕಾಲದ ಓಟ, ದತ್ತಾಂಶ ರಚನೆಗಳು, ವಿನ್ಯಾಸ ಇವೆಲ್ಲ ಪಠ್ಯದ ವಿಷಯಗಳಂತೆ ಕಾಣುವುದು ಇಂಥ ಆಯ್ಕೆ ಎದುರಾಗುವವರೆಗೆ ಮಾತ್ರ. ಇದರ ಜೊತೆಗೆ, ಯಾರೂ ಕಲಿಸದ ಆದರೆ ಎಲ್ಲರಿಗೂ ಬೇಕಾದ ಒಂದು ವಿದ್ಯೆಯಿದೆ: ಇತರರು ಬರೆದ ದೊಡ್ಡ ಕೋಡನ್ನು ಓದಿ, ಎಲ್ಲಿ ಕೈ ಹಾಕಬೇಕು, ಎಲ್ಲಿ ಹಾಕಬಾರದು ಎಂದು ತಿಳಿಯುವುದು. ಡೆವಲಪರ್ ದಿನದಲ್ಲಿ ಬರೆಯುವುದಕ್ಕಿಂತ ಓದುವುದೇ ಹೆಚ್ಚು. ಹೊಸ ಕೋರ್ಸುಗಳಿಗೆ ಸೇರುವವರು ಖಾಲಿ ಪರದೆಯಿಂದ ಆರಂಭಿಸಿ ಚಿಕ್ಕ ಚಿಕ್ಕ ಆ್ಯಪ್‌ಗಳನ್ನು ಕಟ್ಟುತ್ತಾರೆ. ಕೆಲಸದ ಮೊದಲ ದಿನ ಎದುರಾಗುವುದು ಲಕ್ಷಾಂತರ ಸಾಲುಗಳ ಹಳೆಯ ಕೋಡ್.

ಯಂತ್ರದ ಕೋಡ್, ಯಂತ್ರದ ಟೆಸ್ಟ್

ಕೋಡ್ ಬರೆದುಕೊಡುವ ಗಿಟ್‌ಹಬ್ ಕೋಪೈಲಟ್ ಎಂಬ ಸಾಧನ 2021ರಲ್ಲಿ ಪರಿಚಯವಾಗಿ 2022ರ ಜೂನ್‌ನಲ್ಲಿ ಎಲ್ಲ ಡೆವಲಪರುಗಳಿಗೂ ತೆರೆದುಕೊಂಡಿತು. ಇಂಥ ಸಾಧನಗಳು ಚೆನ್ನಾಗಿ ಮಾಡುವುದು ಸ್ಪಷ್ಟವಾಗಿ ವಿವರಿಸಬಹುದಾದ, ಹಿಂದೆ ಸಾವಿರ ಬಾರಿ ಯಾರೋ ಮಾಡಿರುವ ಸಣ್ಣ ಕೆಲಸಗಳನ್ನು. ಹೊಸ ಡೆವಲಪರುಗಳಿಗೆ ಮೊದಲ ವರ್ಷ ಕೊಡುತ್ತಿದ್ದುದೂ ಇಂಥವನ್ನೇ, ಆಟೊಮೇಷನ್ ಸ್ಕ್ರಿಪ್ಟುಗಳಲ್ಲಿ ಬಹುಪಾಲು ಇರುವುದೂ ಇಂಥದ್ದೇ. ಹಾಗಾಗಿ ಕಿರಿದಾಗುತ್ತಿರುವುದು ಏಣಿಯ ಕೆಳಗಿನ ಮೆಟ್ಟಿಲುಗಳು. ಭಾಷೆಯ ವ್ಯಾಕರಣ ಕಲಿತು, ಹೇಳಿದ್ದನ್ನು ಬರೆದುಕೊಡುತ್ತೇನೆ ಎಂದು ಹೊರಟವರಿಗೆ ಯಂತ್ರದೊಂದಿಗೇ ನೇರ ಪೈಪೋಟಿ.

ಆದರೆ ಬರೆಯುವುದು ಅಗ್ಗವಾದಷ್ಟೂ, ಬರೆದದ್ದು ಸರಿಯೇ ಎಂದು ತಿಳಿಯುವುದರ ಭಾರ ಹೆಚ್ಚುತ್ತದೆ. 2025ರ ಜುಲೈನಲ್ಲಿ ಎಂಇಟಿಆರ್ ಎಂಬ ಸಂಶೋಧನಾ ಸಂಸ್ಥೆ ಪ್ರಕಟಿಸಿದ ಪ್ರಯೋಗವೊಂದರಲ್ಲಿ 16 ಅನುಭವಿ ಡೆವಲಪರುಗಳು ತಮಗೆ ಚೆನ್ನಾಗಿ ಪರಿಚಯವಿದ್ದ ಓಪನ್ ಸೋರ್ಸ್ (ಕೋಡ್ ಎಲ್ಲರಿಗೂ ತೆರೆದಿರುವ) ಯೋಜನೆಗಳಲ್ಲಿ 246 ಕೆಲಸಗಳನ್ನು ಮಾಡಿದರು. ಕೃತಕ ಬುದ್ಧಿಮತ್ತೆಯ ಸಾಧನಗಳಿಗೆ ಅವಕಾಶವಿದ್ದಾಗ ಅವರಿಗೆ ಶೇ 19ರಷ್ಟು ಹೆಚ್ಚು ಸಮಯ ಹಿಡಿಯಿತು. ಕೆಲಸ ಮುಗಿದ ಮೇಲೂ, ತಾವು ಶೇ 20ರಷ್ಟು ಬೇಗ ಮುಗಿಸಿದ್ದೇವೆ ಎಂದೇ ಅವರು ನಂಬಿದ್ದರು. ಹದಿನಾರು ಮಂದಿಯ ಪ್ರಯೋಗದಿಂದ ಇಡೀ ಉದ್ಯಮದ ಬಗ್ಗೆ ತೀರ್ಪು ಕೊಡಲಾಗದು, ಸಾಧನಗಳೂ ಬದಲಾಗುತ್ತಲೇ ಇವೆ. ಆದರೂ ವೇಗದ ಅನಿಸಿಕೆಗೂ ನಿಜವಾದ ವೇಗಕ್ಕೂ ಇಷ್ಟು ದೂರವಿರಬಹುದು ಎಂಬುದನ್ನು ಕಡೆಗಣಿಸುವಂತಿಲ್ಲ.

ಇನ್ನೊಂದು ಅಪಾಯ ಇದಕ್ಕಿಂತ ಸೂಕ್ಷ್ಮ. ‘ವಸ್ತುವನ್ನು 30 ದಿನಗಳೊಳಗೆ ಹಿಂದಿರುಗಿಸಬಹುದು’ ಎಂಬ ನಿಯಮವನ್ನು ಕೋಡ್ ಆಗಿ ಬರೆಯಲು ಯಂತ್ರಕ್ಕೆ ಹೇಳಿದಾಗ ಅದು ‘30ಕ್ಕಿಂತ ಕಡಿಮೆ’ ಎಂದು ಬರೆಯಿತೆಂದುಕೊಳ್ಳೋಣ. ಟೆಸ್ಟನ್ನೂ ಅದಕ್ಕೇ ಬರೆಯಲು ಹೇಳಿದರೆ 29ನೆಯ ದಿನಕ್ಕೆ ಒಪ್ಪಿಗೆ, 31ನೆಯ ದಿನಕ್ಕೆ ನಿರಾಕರಣೆ ಎಂದು ಪರೀಕ್ಷಿಸಬಹುದು. ಎರಡೂ ಪಾಸ್. 30ನೆಯ ದಿನವನ್ನು ಪರೀಕ್ಷಿಸಿದರೂ, ಆ ದಿನ ನಿರಾಕರಿಸುವುದೇ ಸರಿ ಎಂಬ ತನ್ನ ತಿಳಿವಳಿಕೆಯನ್ನೇ ಟೆಸ್ಟ್‌ನಲ್ಲೂ ಬರೆಯಬಹುದು. ಆಗಲೂ ಪಾಸ್. ಕೋಡ್ ಮತ್ತು ಟೆಸ್ಟ್ ಒಂದೇ ತಪ್ಪು ತಿಳಿವಳಿಕೆಯಿಂದ ಹುಟ್ಟಿದಾಗ ಅವು ಪರಸ್ಪರ ಸಾಕ್ಷಿ ಹೇಳಿಕೊಳ್ಳುತ್ತವೆ. ಕೊನೆಯ ದಿನ ಸೇರುತ್ತದೆಯೇ ಎಂದು ನಿಯಮ ಮಾಡಿದವರನ್ನೇ ಕೇಳುವುದು ಟೆಸ್ಟರ್‌ಗೆ ರೂಢಿಯಾದ ಕೆಲಸ. ಟೆಸ್ಟಿಂಗ್ ದೋಷ ಇದೆಯೆಂದು ತೋರಿಸಬಲ್ಲದೇ ಹೊರತು ಇಲ್ಲವೆಂದು ಅಲ್ಲ ಎಂದು ಕಂಪ್ಯೂಟರ್ ವಿಜ್ಞಾನಿ ಎಡ್ಸ್‌ಗರ್ ಡೈಕ್‌ಸ್ಟ್ರಾ 1969ರಲ್ಲೇ ಎಚ್ಚರಿಸಿದ್ದರು. ಟೆಸ್ಟ್ ಪಾಸಾಯಿತೆಂಬ ಹಸಿರು ಗುರುತು ಕಂಡೊಡನೆ ಸಮಾಧಾನಪಡದಿರುವ ಈ ಗುಣ, ಯಂತ್ರ ಬರೆದ ಕೋಡನ್ನು ರಿವ್ಯೂ ಮಾಡುವ ಪ್ರತಿ ಡೆವಲಪರ್‌ಗೂ ಈಗ ಬೇಕಾಗಿದೆ.

ಇದ್ದಲ್ಲಿಂದಲೇ ದಾಟುವುದು

ಹೊರಗಿನ ಸಂಸ್ಥೆಯೊಂದಕ್ಕೆ ಡೆವಲಪರ್ ಆಗಿ ಅರ್ಜಿ ಹಾಕಿದಾಗ ಟೆಸ್ಟರ್‌ನ ಐದಾರು ವರ್ಷಗಳ ಅನುಭವ ಹೆಚ್ಚಾಗಿ ಲೆಕ್ಕಕ್ಕೇ ಬರುವುದಿಲ್ಲ. ಅರ್ಜಿಗಳನ್ನು ಸೋಸುವವರು ಮೊದಲು ನೋಡುವುದು ಹುದ್ದೆಯ ಹೆಸರನ್ನು. ಅದನ್ನು ದಾಟಿದರೂ ಅಲ್ಗಾರಿದಂ ಪ್ರಶ್ನೆಗಳ ಸಂದರ್ಶನಕ್ಕೆ ತಿಂಗಳುಗಳ ಪ್ರತ್ಯೇಕ ತಯಾರಿ ಬೇಕು. ಈಗಿರುವ ತಂಡದಲ್ಲಿ ಪರಿಸ್ಥಿತಿ ಬೇರೆ. ಉತ್ಪನ್ನ ಎಲ್ಲೆಲ್ಲಿ ಮುರಿಯುತ್ತದೆ ಎಂಬುದು ಹಲವು ಡೆವಲಪರುಗಳಿಗಿಂತ ಟೆಸ್ಟರ್‌ಗೇ ಚೆನ್ನಾಗಿ ಗೊತ್ತಿರುತ್ತದೆ. ಅವರ ಮಾತಿಗೆ ಬೆಲೆಯಿರುತ್ತದೆ. ಆದ್ದರಿಂದ ಒಳಗಿನಿಂದ ದಾಟುವುದೇ ಹೆಚ್ಚಿನವರಿಗೆ ಸುಗಮ ಎಂಬುದು ಈ ಲೇಖನದ ಅಭಿಪ್ರಾಯ.

ಅದು ಬಗ್ ವರದಿಯಿಂದಲೇ ಆರಂಭವಾಗಬಲ್ಲದು. ಏನಾಯಿತು ಎಂದು ಬರೆಯುವ ಜೊತೆಗೆ ಲಾಗ್ (ಪ್ರೋಗ್ರಾಂ ಬರೆದಿಡುವ ದಾಖಲೆ) ತೆಗೆದು, ಡಿಬಗ್ಗರ್ (ಕೋಡನ್ನು ಹೆಜ್ಜೆ ಹೆಜ್ಜೆಯಾಗಿ ನಡೆಸಿ ನೋಡುವ ಸಾಧನ) ಹಿಡಿದು, ಕೋಡಿನ ಯಾವ ಫಂಕ್ಷನ್‌ನಲ್ಲಿ (ಘಟಕದಲ್ಲಿ) ಎಡವಿದೆ ಎಂಬ ಊಹೆಯನ್ನೂ ಬರೆಯುವುದು. ಊಹೆ ತಪ್ಪಾದರೂ ಕೋಡ್ ಓದುವ ಅಭ್ಯಾಸವಾಗುತ್ತದೆ. ಕೆಲವು ತಿಂಗಳಲ್ಲಿ ಸಣ್ಣ ಬಗ್‌ಗಳ ಪರಿಹಾರವನ್ನು ತಾವೇ ಬರೆದು ಪುಲ್ ರಿಕ್ವೆಸ್ಟ್ (ಬದಲಾವಣೆಯನ್ನು ಸೇರಿಸಿಕೊಳ್ಳಿ ಎಂಬ ಕೋರಿಕೆ) ಕಳಿಸಬಹುದು. ಅದನ್ನು ಇತರರು ಓದಿ ಪರಿಶೀಲಿಸುವ ಕೋಡ್ ರಿವ್ಯೂನಲ್ಲಿ ಬರುವ ಟೀಕೆಗಳಷ್ಟು ಚೆನ್ನಾಗಿ ಕಲಿಸುವ ಪಾಠ ಇನ್ನೊಂದಿಲ್ಲ, ಅವು ಎಷ್ಟೇ ಮುಜುಗರ ತಂದರೂ. ಬ್ರೌಸರ್ ಮಟ್ಟದ ಸ್ಕ್ರಿಪ್ಟುಗಳಿಂದ ಪ್ರೋಗ್ರಾಂಗಳು ಪರಸ್ಪರ ಮಾತಾಡುವ ಮಟ್ಟದ ಎಪಿಐ ಟೆಸ್ಟ್‌ಗೆ, ಅಲ್ಲಿಂದ ಕೋಡಿನ ಬಿಡಿ ಭಾಗಗಳನ್ನು ಪರೀಕ್ಷಿಸುವ ಯೂನಿಟ್ ಟೆಸ್ಟ್‌ಗೆ ಇಳಿದಂತೆ ಉತ್ಪನ್ನದ ಒಳರಚನೆ ತಾನಾಗಿ ಪರಿಚಯವಾಗುತ್ತದೆ. ಟೆಸ್ಟ್ ಡೇಟಾ ತಯಾರಿಸುವ ಸಾಧನ ಅಥವಾ ಬಿಲ್ಡ್ ವ್ಯವಸ್ಥೆಯ (ಕೋಡನ್ನು ಓಡಬಲ್ಲ ತಂತ್ರಾಂಶವಾಗಿಸುವ ವ್ಯವಸ್ಥೆಯ) ಸುಧಾರಣೆಯಂಥ ಕೆಲಸಗಳಿಗೆ ಡೆವಲಪರುಗಳಿಗೆ ಬಿಡುವಿರುವುದಿಲ್ಲ. ಅವುಗಳನ್ನು ಕೈಗೆತ್ತಿಕೊಂಡವರಿಗೆ ವಿನ್ಯಾಸದಿಂದ ನಿರ್ವಹಣೆಯವರೆಗೆ ಒಂದು ಪೂರ್ಣ ತಂತ್ರಾಂಶವನ್ನು ಕಟ್ಟಿ ನಡೆಸಿದ ಅನುಭವ ಸಿಗುತ್ತದೆ. ತಂಡದಲ್ಲಿ ಇದಕ್ಕೆಲ್ಲ ಎಡೆಯೇ ಇಲ್ಲದಿದ್ದರೆ ಓಪನ್ ಸೋರ್ಸ್ ಯೋಜನೆಗಳಿವೆ. ಮತ್ತೆ ಕಾಣಿಸುವಂತೆ ಮಾಡುವ ಬಗೆ ತಿಳಿಯದೆ ಬಿದ್ದಿರುವ ಬಗ್‌ಗಳು ಅಲ್ಲಿ ಯಾವಾಗಲೂ ಇರುತ್ತವೆ, ಮತ್ತು ಬಗ್ ಅನ್ನು ಬೇಕೆಂದಾಗ ಮತ್ತೆ ಕಾಣಿಸುವಂತೆ ಮಾಡುವುದರಲ್ಲಿ ಟೆಸ್ಟರುಗಳನ್ನು ಮೀರಿಸುವವರು ವಿರಳ.

ಅಡ್ಡಿಗಳೂ ಇವೆ. ಒಳ್ಳೆಯ ಟೆಸ್ಟರನ್ನು ಬಿಟ್ಟುಕೊಡಲು ಮ್ಯಾನೇಜರ್‌ಗೆ ಮನಸ್ಸಿರುವುದಿಲ್ಲ. ಇದು ದ್ವೇಷದಿಂದಲ್ಲ, ರಿಲೀಸ್ ದಿನಾಂಕದ ಹೊಣೆ ಅವರ ಮೇಲಿರುತ್ತದೆ. ಕೆಲವೆಡೆ ಶ್ರೇಣಿಯಲ್ಲಿ ಒಂದು ಮೆಟ್ಟಿಲು ಕೆಳಗಿಳಿಯಬೇಕಾಗಬಹುದು. ಹತ್ತು ವರ್ಷ ಅನುಭವವಿದ್ದವರಿಗೆ ಇದು ನೋವಿನ ಸಂಗತಿ. ಒಪ್ಪುವ ಮೊದಲು, ಯಾವ ಮಟ್ಟ ತಲುಪಿದರೆ ಯಾವಾಗ ಹಳೆಯ ಶ್ರೇಣಿಗೆ ಮರಳಬಹುದು ಎಂದು ಕೇಳಿ ಬರೆಸಿಕೊಳ್ಳುವುದು ತಪ್ಪೇನಲ್ಲ.

ದಾಟದೆ ಉಳಿಯುವವರು

ಎಲ್ಲರೂ ದಾಟಬೇಕೆಂದಿಲ್ಲ. ಭದ್ರತಾ ಪರೀಕ್ಷೆ, ಕಾರ್ಯಕ್ಷಮತೆಯ ಪರೀಕ್ಷೆ, ಅಂಗವೈಕಲ್ಯವುಳ್ಳವರೂ ಬಳಸಬಲ್ಲಂತಿದೆಯೇ ಎಂಬ ಪರೀಕ್ಷೆ ಇವು ತಮ್ಮಷ್ಟಕ್ಕೇ ಆಳವಾದ ವಿದ್ಯೆಗಳು. ವೈದ್ಯಕೀಯ ಸಾಧನ, ವಿಮಾನ, ಬ್ಯಾಂಕಿಂಗ್‌ನಂಥ ಕ್ಷೇತ್ರಗಳಲ್ಲಿ ವಿಷಯಜ್ಞಾನವಿರುವ ಟೆಸ್ಟರುಗಳ ಅಗತ್ಯ ಬೇಗ ತೀರುವಂಥದ್ದಲ್ಲ. ಆದರೆ ಅಲ್ಲಿಯೂ ಕೋಡ್ ಓದಲಾರದವರಿಗೆ ಕಷ್ಟವಿದೆ. ಸಿದ್ಧ ಪಟ್ಟಿ ಹಿಡಿದು ಗುಂಡಿ ಒತ್ತುವ ಕೆಲಸವನ್ನೇ ನೆಚ್ಚಿದವರಿಗೆ ಎಲ್ಲೆಡೆಯೂ ಜಾಗ ಕಡಿಮೆಯಾಗುತ್ತಿದೆ.

ದಾಟಿದ ಮೇಲಿನ ತಿಂಗಳುಗಳು

ಡೆವಲಪರ್ ಆದ ಟೆಸ್ಟರ್‌ನ ಮೊದಲ ಆರು ತಿಂಗಳು ನಿಧಾನವಾಗಿರುತ್ತವೆ. ಒಂದು ಫಂಕ್ಷನ್ ಬರೆಯುವಾಗಲೇ ಅದು ಮುರಿಯುವ ಹತ್ತು ದಾರಿಗಳು ಕಣ್ಣ ಮುಂದೆ ಬರುತ್ತವೆ, ಎಲ್ಲಕ್ಕೂ ತಡೆ ಕಟ್ಟದೆ ಮುಂದೆ ಹೋಗಲು ಮನಸ್ಸೊಪ್ಪುವುದಿಲ್ಲ. ಯಾವ ಅಪಾಯವನ್ನು ಈಗ ತಡೆಯಬೇಕು, ಯಾವುದನ್ನು ಅರಿತೇ ಬಿಡಬೇಕು ಎಂದು ಆರಿಸುವುದನ್ನು ಅವರು ಇಲ್ಲಿ ಹೊಸದಾಗಿ ಕಲಿಯಬೇಕು. ಮುಗಿಸಿದ ಕೆಲಸಗಳ ಎಣಿಕೆಯಿಂದಷ್ಟೇ ಅಳೆಯುವ ತಂಡ ಇದನ್ನು ಅಸಾಮರ್ಥ್ಯವೆಂದು ತಪ್ಪು ತಿಳಿಯುತ್ತದೆ. ಅವರ ಕೋಡ್‌ನಿಂದ ಹಿಂದಿರುಗಿ ಬಂದ ಬಗ್‌ಗಳೆಷ್ಟು ಎಂಬುದನ್ನೂ ಜೊತೆಗಿಟ್ಟು ನೋಡಿದರೆ ಲೆಕ್ಕ ಬೇರೆಯಾಗಬಹುದು.

ಇದಕ್ಕಿಂತ ಹೆಚ್ಚು ಮಂದಿಯನ್ನು ಅರ್ಧದಲ್ಲೇ ನಿಲ್ಲಿಸುವ ತೊಡಕು ಮತ್ತೊಂದಿದೆ. ರಿಲೀಸ್ ಹತ್ತಿರವಾಗಿ ಪರೀಕ್ಷಿಸುವವರು ಸಾಲದೆ ಬಂದಾಗ ತಂಡ ಮೊದಲು ತಿರುಗುವುದು ಹಳೆಯ ಟೆಸ್ಟರ್ ಕಡೆಗೆ. ಈ ಒಂದು ವಾರ ಮಾತ್ರ ಎಂಬ ಕೋರಿಕೆ ಮುಂದಿನ ರಿಲೀಸಿನಲ್ಲೂ ಬರುತ್ತದೆ, ಅದರ ಮುಂದಿನದರಲ್ಲೂ ಬರುತ್ತದೆ. ಸಹಾಯ ಬೇಕಾದಾಗ ಎಲ್ಲ ಡೆವಲಪರುಗಳೂ ಸರದಿಯಂತೆ ಪರೀಕ್ಷೆಗೆ ಬರುತ್ತಾರೆ ಎಂದು ದಾಟುವ ದಿನವೇ ಮಾತಾಗಿರದಿದ್ದರೆ, ವರ್ಷದ ಮೌಲ್ಯಮಾಪನದ ಹೊತ್ತಿಗೆ ಅವರ ಹೆಸರಿನಲ್ಲಿ ಎರಡೂ ಕೆಲಸಗಳು ಅರ್ಧರ್ಧ ಇರುತ್ತವೆ, ಮತ್ತು ಮೌಲ್ಯಮಾಪನದ ನಮೂನೆಯಲ್ಲಿ ಆ ಎರಡರ್ಧಗಳನ್ನು ಕೂಡಿಸುವ ಅಂಕಣ ಇರುವುದಿಲ್ಲ.